ಸೋಲರಿಯದ ಗುಳ್ಳಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಜಪವಿಲ್ಲ, ತಪವಿಲ್ಲ, ಕಾವಿಬಟ್ಟೆಯಂತೂ ಇಲ್ಲವೇ ಇಲ್ಲ. ಅಲ್ಲಿರುವುದು ವಿಡಿಯೋ ಗೇಮು.

ಆಶ್ರಮ ಎಂದು ಹೆಸರಿಟ್ಟವರು ಊರ ಜನ, ಅದೂ ಚೇಷ್ಟೆಗೆ. ನೋಡಿದರೆ ಎರಡು ಕೋಣೆಯ ಹೆಂಚಿನ ಮನೆ, ಮುಂದೊಂದು ಕಟ್ಟೆ, ಕಟ್ಟೆಗೆ ಬೇವಿನ ನೆರಳು.

ಗುರುವಿನ ಹೆಸರು ಶಿವಗಂಗಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಲೈನು ಜೋಡಿಸಿ ನಿವೃತ್ತರಾದವರು. ಅರವತ್ತೆಂಟರಲ್ಲೂ ಅವರ ಬೆರಳು ಓಡುವ ಓಟ ಕಂಡರೆ ಹರೆಯದವರು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ನಾನಂತೂ ನಿಂತಿದ್ದೇನೆ.

ಅಂಗೈಯಗಲದ ಗೇಮಿನಲ್ಲಿ ಅವರು ಆಡುವುದು ಮರಿಲೋಕ ಎಂಬ ಆಟ. ಕಾಡು, ಕೆರೆ, ಗುಡ್ಡ ಅಲೆದು ವಿಚಿತ್ರ ಪ್ರಾಣಿಗಳ ಮರಿ ಹಿಡಿಯುವುದು, ಸಾಕುವುದು, ಬೇರೆಯವರ ಮರಿಗಳೊಡನೆ ಕಾದಾಡಿಸುವುದು. ಇಷ್ಟೇ ಆಟ. ಇಷ್ಟರಲ್ಲೇ ಜನ ಊಟ ನಿದ್ದೆ ಮರೆಯುತ್ತಾರೆ.

ಒಂದು ದಿನ ಅಲ್ಲಿಗೆ ಫಕೀರೇಶ ಬಂದ. ಹತ್ತಿರದ ಊರಿನ ನೇಕಾರ, ಮೂವತ್ತರ ಗಂಡಸು. ಅವನ ಗೇಮಿನಲ್ಲಿ ಆರು ದೈತ್ಯ ಪ್ರಾಣಿಗಳಿದ್ದವು. ಎಲ್ಲಕ್ಕಿಂತ ಮುಂದೆ ಮೂಗಿನಿಂದ ಉರಿ ಬಿಡುವ ಬೆಂಕಿಗೂಳಿ.

ಅಕ್ಕ ಒಂದೇ ಒಂದು ಗುಳ್ಳಿಯನ್ನು ಮುಂದೆ ಬಿಟ್ಟರು.

ಗುಳ್ಳಿ ಎಂದರೆ ಕಪ್ಪೆಮರಿಯಂಥ ಪ್ರಾಣಿ. ದೊಡ್ಡ ಕಣ್ಣು, ಗಿಡ್ಡ ಬಾಲ. ಬಾಯಿಂದ ನೀರಿನ ಗುಳ್ಳೆ ಊದುವುದೊಂದು ಬಿಟ್ಟರೆ ಏನೂ ಬಾರದು. ಬೇರೆ ಮರಿಗಳಿಗೆ ಬೆಳೆದಂತೆ ರೆಕ್ಕೆ ಮೂಡುತ್ತದೆ, ಕೋಡು ಮೂಡುತ್ತದೆ. ಗುಳ್ಳಿ ಕಡೆತನಕ ಗುಳ್ಳಿಯೇ. ಮರಿಲೋಕದಲ್ಲಿ ಅದಕ್ಕಿಂತ ಬಡಪಾಯಿ ಇನ್ನೊಂದಿಲ್ಲ.

ಆ ಬಡಪಾಯಿ ಫಕೀರೇಶನ ಆರೂ ದೈತ್ಯರನ್ನು ಒಂದೊಂದಾಗಿ ಮಲಗಿಸಿತು.

ಫಕೀರೇಶ ಗೇಮು ಕೆಳಗಿಟ್ಟ. ಆಮೇಲೆ ಅಕ್ಕನ ಕಾಲು ಮುಟ್ಟಿದ.

"ನನ್ನ ಶಿಷ್ಯ ಮಾಡ್ಕೋರಿ ಅಕ್ಕಾರ."

ಅಕ್ಕ ತಮ್ಮ ಗೇಮಿನಿಂದ ಅವನ ಗೇಮಿಗೆ ಒಂದು ಮೊಟ್ಟೆ ಕಳಿಸಿದರು. ಗುಳ್ಳಿಯ ಮೊಟ್ಟೆ.

"ಇದನ್ನ ಸಾಕು. ಬ್ಯಾರೆ ಯಾವ ಮರೀನೂ ಮುಟ್ಟಬ್ಯಾಡ. ವರ್ಷ ಆದ ಮ್ಯಾಲ ತಗೊಂಡು ಬಾ. ನೀ ಶಿಷ್ಯ ಹೌದೋ ಅಲ್ಲೋ ಅವತ್ತು ಹೇಳ್ತೀನಿ."

ಫಕೀರೇಶ ಆರೂ ದೈತ್ಯರನ್ನು ಕಾಡಿಗೆ ಬಿಟ್ಟುಬಿಟ್ಟ. ಹೇಳಿದಷ್ಟು ಸುಲಭದ ಮಾತಲ್ಲ ಅದು.

ಆರು ತಿಂಗಳಾದ ಮೇಲೆ ಒಮ್ಮೆ ಮುಖ ಸಣ್ಣದು ಮಾಡಿಕೊಂಡು ಬಂದ.

"ಅಕ್ಕಾರ, ಎಷ್ಟು ತಿನಿಸಿದ್ರೂ ಇದು ಬೆಳೆಯೂದ ಇಲ್ಲಲ್ರಿ."

ಅಕ್ಕ ಒಳಗೆ ಹೋಗಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಅವನ ಮುಂದಿಟ್ಟರು. ಅವನು ಉಂಡ.

"ಎಷ್ಟು ಎತ್ತರ ಆದಿ?"

"ನಾನ್ಯಾಕ ಎತ್ತರ ಆಗ್ಲಿರಿ?"

"ಮತ್ತ್ಯಾಕ ಉಂಡಿ?"

ಫಕೀರೇಶ ಕೈ ತೊಳೆದು ಎದ್ದು ಹೋದ. ಉಳಿದ ಆರು ತಿಂಗಳು ಆ ಪ್ರಶ್ನೆ ಎತ್ತಲಿಲ್ಲ.

ವರ್ಷ ತುಂಬಿದ ದಿನ ಬೆಳಿಗ್ಗೆ ಹಾಜರಾದ. ಅವನಿಗಿಂತ ಮೊದಲೇ ಅವನ ಸುದ್ದಿ ದಂಡೆ ತಲುಪಿತ್ತು. ಸುತ್ತಲ ಊರಿನ ಆಟಗಾರರೆಲ್ಲ ಅವನ ಮರಿಗೆ ಸೋಲರಿಯದ ಗುಳ್ಳಿ ಎಂದು ಹೆಸರಿಟ್ಟಿದ್ದರು.

"ನೋಡ್ರಿ ಅಕ್ಕಾರ."

ಪರದೆಯ ಮೂಲೆಯಲ್ಲಿ ಬರೆದಿತ್ತು: ಗೆಲುವು 412, ಸೋಲು 0.

ಅಕ್ಕ ಕನ್ನಡಕ ಹಾಕಿಕೊಂಡು ನೋಡಿದರು. ಶಹಬ್ಬಾಸ್ ಎನ್ನಲಿಲ್ಲ. ಇನ್ನೊಂದು ಬಟನ್ ಒತ್ತಿ ಇನ್ನೇನನ್ನೋ ನೋಡಿದರು.

"ದಿನಾ ಎಷ್ಟು ಹೊತ್ತು ಆಡ್ತಿದ್ದಿ?"

"ಮೂರು ತಾಸು ತಪ್ಪಿಸಿಲ್ರಿ. ಮಗ್ಗ ಬಿಟ್ಟು ಎದ್ದಕೂಡ್ಲೇ ಇದನ್ನ ಹಿಡೀತಿದ್ದೆ."

"ಹಬ್ಬದ ದಿನಾನೂ?"

"ಹಬ್ಬದ ದಿನಾನೂ ರೀ."

"ಅಂದ್ರ ವರ್ಷಕ್ಕ ಸಾವಿರ ತಾಸಿನ ಮ್ಯಾಲಾತು."

"ಆಗಿರಬೇಕ್ರಿ."

"ಗೇಮಿನ ಗಡಿಯಾರದಾಗ ನೂರಾ ತೊಂಬತ್ತು ತಾಸು ಐತಿ. ಉಳಿದದ್ದು ಎಲ್ಲಿ ಹೋತು ತಮ್ಮಾ?"

ಫಕೀರೇಶ ತಲೆ ತಗ್ಗಿಸಿದ.

ಗುಟ್ಟು ದೊಡ್ಡದೇನಲ್ಲ. ಗೇಮಿಗೆ ನೆನಪಿರುವುದು ಸೇವ್ ಮಾಡಿದಲ್ಲಿಯ ತನಕ ಮಾತ್ರ. ಇವನು ಒಬ್ಬನೇ ಕೂತು ಗೇಮಿನದೇ ಮರಿಗಳ ಜೊತೆ ಆಡುತ್ತಿದ್ದ, ಪ್ರತಿ ಕಾದಾಟಕ್ಕೂ ಮೊದಲು ಸೇವ್ ಮಾಡುತ್ತಿದ್ದ. ಗುಳ್ಳಿ ಸೋಲುವ ಲಕ್ಷಣ ಕಂಡಿತೋ, ಹೆಬ್ಬೆರಳಿನಿಂದ ಸ್ವಿಚ್ ಒತ್ತಿ ಬಂದ್ ಮಾಡುತ್ತಿದ್ದ. ಮತ್ತೆ ಶುರು ಮಾಡಿದರೆ ಆ ಕಾದಾಟ ನಡೆದೇ ಇಲ್ಲ. ಗುಳ್ಳಿಗೆ ಗಾಯವಿಲ್ಲ, ಗಡಿಯಾರವೂ ಹಿಂದಕ್ಕೆ.

"ಬೆಂಕಿಗೂಳಿ ಜೋಡಿ ಆಡಿದಾಗ ಎಷ್ಟು ಸಲ ಬಂದ್ ಮಾಡಿದಿ?"

"ಅರವತ್ತು ಸಲ ರೀ."

"ಅರವತ್ತೊಂದನೇದಕ್ಕ ಗೆದ್ದಿ."

"ಹೌದ್ರಿ."

"ಗುಳ್ಳಿ ಕಟಗೊಂಡು ಬೆಂಕಿಗೂಳಿ ಕೆಡವೂದಂದ್ರ ಸಣ್ಣ ಮಾತಲ್ಲ. ಶಾಣ್ಯಾ ಅದಿ ನೀನು." ಅಕ್ಕ ಇದನ್ನು ಮನಸ್ಸಿನಿಂದಲೇ ಹೇಳಿದರು. ಆಮೇಲೆ ಕೇಳಿದರು, "ಯಾವ ಏಟಿಗೆ ಬಿದ್ದೀತೋ ಆ ಏಟನ್ನ ಮರಿ ಕಲೀತೈತಿ. ಮುಂದಿನ ಸಲ ಅರ್ಧಾನ ತಗೋತೈತಿ. ಈ ನಿಯಮ ಗೊತ್ತಿಲ್ಲೇನು?"

"ಗೊತ್ತೈತ್ರಿ."

"ಮತ್ತ?"

"ಬೀಳುವಾಗ ಅದು ಕಣ್ಣು ಮುಚ್ಚತೈತ್ರಿ ಅಕ್ಕಾರ. ಸಣ್ಣ ದನಿ ತಗೀತೈತಿ. ನನಗ ನೋಡಾಕ ಆಗೂದಿಲ್ರಿ."

ಬೈಯುವ ಮನಸ್ಸು ಅಕ್ಕನಿಗೆ ಬರಲಿಲ್ಲ.

"ನೂರಾ ತೊಂಬತ್ತು ತಾಸು ನೀವಿಬ್ಬರೂ ಕೂಡಿ ಇದ್ರಿ. ಉಳಿದ ಒಂಬತ್ತು ನೂರು ತಾಸು ನೀ ಒಬ್ಬನ ಇದ್ದಿ."

ಫಕೀರೇಶ ಅಂಗಿಯ ತುದಿಯಿಂದ ಪರದೆ ಒರೆಸಿದ.

"ಮಗ್ಗದಾಗ ಎಳಿ ಹರೀತಂದ್ರ ಏನ್ ಮಾಡ್ತಿ?"

"ಗಂಟು ಹಾಕ್ತೀನ್ರಿ."

"ನೇದದ್ದೆಲ್ಲಾ ಬಿಚ್ಚೂದಿಲ್ಲ?"

"ಹಂಗ ಮಾಡಿದ್ರ ಜನ ಹುಚ್ಚ ಅಂತಾರ್ರಿ."

"ಅಂತಾರ, ಹೌದು," ಎಂದರು ಅಕ್ಕ.

ಆಮೇಲೆ ಒಳಗಿನಿಂದ ಒಂದು ವೈರು ತಂದು ಕಟ್ಟೆಯ ಮೇಲಿಟ್ಟರು. ಎರಡು ಗೇಮುಗಳನ್ನು ಕೂಡಿಸುವ ವೈರು.

"ಇದನ್ನ ಚುಚ್ಚಿದ್ರ ಗೇಮಿನಾಗ ನಮ್ಮ ಬದಲಿ ಓಡಾಡೂ ಗೊಂಬಿ ಎರಡೂ ಒಂದ ಊರಾಗ ಬಂದು ನಿಂದರತಾವ. ಇಲ್ಲಿ ಹಿಂದಕ್ಕ ಹೋಗೂದಿಲ್ಲ. ಕಾದಾಟ ನಡದಾಗ ಯಾರು ಬಂದ್ ಮಾಡತಾರೋ, ಅವರ ಮರಿ ಅಳಿಸಿ ಹೋಗತೈತಿ."

"ಪೂರಾ ಅಳಿಸಿ ಹೋಗತೈತೇನ್ರಿ?"

"ಪೂರಾ. ಮತ್ತ ಸಿಗೂದಿಲ್ಲ."

ಫಕೀರೇಶ ವೈರನ್ನು ಮುಟ್ಟಲಿಲ್ಲ.

"ಬ್ಯಾಡಂದ್ರ ಮನಿಗೆ ಹೋಗು. ನಾಕನೂರಾ ಹನ್ನೆರಡು ಹಂಗ ಇರತೈತಿ, ಸೊನ್ನಿನೂ ಹಂಗ ಇರತೈತಿ. ಊರಾಗ ಹಾರ ಹಾಕ್ತಾರ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ."

ಅಕ್ಕ ಅಂದರೆ ಅಂದ ಹಾಗೆ. ಹೋಗಿದ್ದರೆ ನಿಜವಾಗಿಯೂ ಬಾಯಿ ಬಿಡುತ್ತಿರಲಿಲ್ಲ.

ಫಕೀರೇಶ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ. ಆಮೇಲೆ ಅಂಗಿಯ ಕಿಸೆಯಿಂದ ಒಂದು ತುಂಡು ರೇಷ್ಮೆ ನೂಲು ತೆಗೆದ.

"ಅಕ್ಕಾರ, ನನ್ನ ಹೆಬ್ಬಟ್ಟು ಕಟ್ಟಿಬಿಡ್ರಿ. ಸೋಲೂದಕ್ಕ ಅಂಜಿಲ್ರಿ. ಇದಕ್ಕ ಅಂಜೀನಿ. ನನಗ ಕೇಳದನ ಸ್ವಿಚ್ಚಿಗೆ ಹೋಗತೈತ್ರಿ ಇದು."

"ಕಟ್ಟಿದ್ರ ಆಡಾವ್ರು ಯಾರು?"

ಅವನು ನೂಲನ್ನು ವಾಪಸು ಕಿಸೆಗೆ ಹಾಕಿದ. ವೈರನ್ನು ತಾನೇ ಚುಚ್ಚಿದ.

ಎರಡು ಗುಳ್ಳಿಗಳು ಎದುರುಬದುರು ನಿಂತವು. ಅಕ್ಕನ ಗುಳ್ಳಿಯ ಮೈತುಂಬ ಸಣ್ಣ ಸಣ್ಣ ಗೆರೆ. ಈ ಆಟದಲ್ಲಿ ಮರಿ ಬಿದ್ದಾಗೊಮ್ಮೆ ಒಂದು ಗೆರೆ ಮೂಡುತ್ತದೆ. ಪರದೆಯ ಮೂಲೆಯಲ್ಲಿ, ಹೋದ ವರ್ಷ ಅವನು ಕಣ್ಣು ಹಾಯಿಸದಿದ್ದ ಕಡೆ, ಬರೆದಿತ್ತು: ಗೆಲುವು 871, ಸೋಲು 2316.

"ಇಷ್ಟು ಸಲ ಬಿದ್ದೈತೇನ್ರಿ ಇದು!"

"ಇವತ್ತೂ ಬೀಳಬಹುದು. ಊದು, ನೋಡೋಣ."

ಫಕೀರೇಶ ಊದಿಸಿದ. ಅವನ ಕೈಚಳಕಕ್ಕೆ ಹೆಸರಿಡುವಂತಿರಲಿಲ್ಲ. ಮೊದಲ ಮೂರು ಗುಳ್ಳೆಗಳೂ ನೇರ ಹೋಗಿ ಬಡಿದವು. ಆದರೆ ಅಕ್ಕನ ಗುಳ್ಳಿ ಪ್ರತಿ ಏಟನ್ನೂ ಮೊದಲೇ ಬಲ್ಲ ಹಾಗೆ ಮೈ ತಿರುಗಿಸಿ ಅರ್ಧವನ್ನಷ್ಟೇ ತಗೊಂಡಿತು. ತಗೊಂಡು ತಿರುಗಿ ಊದಿತು.

ಫಕೀರೇಶನ ಗುಳ್ಳಿಯ ಶಕ್ತಿಯ ಪಟ್ಟಿ ಅರ್ಧಕ್ಕಿಳಿಯಿತು. ಕಾಲಿಗಿಳಿಯಿತು. ಕೆಂಪಾಗಿ ನೂಲಿನಷ್ಟು ಉಳಿಯಿತು.

ವರ್ಷವಿಡೀ ಅವನು ಬಂದ್ ಮಾಡುತ್ತಿದ್ದದ್ದು ಇದೇ ಹೊತ್ತಿಗೆ.

ಹೆಬ್ಬೆರಳು ಹೊರಟಿತು. ಸ್ವಿಚ್ಚಿನ ಮೇಲೆ ಹೋಗಿ ಕುಳಿತಿತು. ಒತ್ತಿದರೆ ಗುಳ್ಳಿ ಕಣ್ಣು ಮುಚ್ಚುವುದನ್ನು ನೋಡಬೇಕಿಲ್ಲ. ಒತ್ತಿದರೆ ಗುಳ್ಳಿಯೇ ಇಲ್ಲ. ಎರಡೂ ಅವನಿಗೆ ಗೊತ್ತು. ಬೆರಳಿಗೆ ಮಾತ್ರ ಮೊದಲನೆಯದಷ್ಟೇ ಗೊತ್ತು.

ಅಕ್ಕ ಅವನ ಬೆರಳಿನ ಕಡೆ ನೋಡಲಿಲ್ಲ. ಗುಳ್ಳಿಯನ್ನೇ ನೋಡುತ್ತಿದ್ದರು.

ಫಕೀರೇಶನ ಹಣೆಯಿಂದ ಒಂದು ಹನಿ ಬೆವರು ಪರದೆಯ ಮೇಲೆ ಬಿತ್ತು. ಅದನ್ನು ಒರೆಸಲು ಅವನು ಹೆಬ್ಬೆರಳನ್ನೇ ಎತ್ತಿದ. ಎತ್ತಿದ್ದನ್ನು ತಿರುಗಿ ಸ್ವಿಚ್ಚಿನ ಮೇಲಿಡಲಿಲ್ಲ.

ಆ ಬೆರಳಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಆಗ ಗುಳ್ಳಿ ಅವನು ಎಂದೂ ಕಾಣದ ಒಂದು ಕೆಲಸ ಮಾಡಿತು. ಬಾಲವನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡಿತು. ಮೈಯೆಲ್ಲ ಉಬ್ಬುವ ಹಾಗೆ ಉಸಿರೆಳೆದುಕೊಂಡಿತು. ತನಗಿಂತ ದೊಡ್ಡದಾದ ಒಂದು ಗುಳ್ಳೆಯನ್ನು ಊದಿತು.

ಆ ಗುಳ್ಳೆ ಬಡಿದ ರಭಸಕ್ಕೆ ಅಕ್ಕನ ಗುಳ್ಳಿ ಮೂರು ಉರುಳು ಉರುಳಿತು. ಅದರ ಪಟ್ಟಿಯೂ ಕೆಂಪಾಗಿ ನೂಲಿನಷ್ಟಾಯಿತು.

"ಅಬಬಬಾ!" ಅಕ್ಕ ಕಟ್ಟೆಯಿಂದ ಅರ್ಧ ಎದ್ದೇಬಿಟ್ಟರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಊರವರು ಯಾರೂ ಕಂಡಿರಲಿಲ್ಲ.

"ಇದು ಇಂಥಾದ್ದೂ ಮಾಡತೈತೇನ್ರಿ ಅಕ್ಕಾರ?"

"ಜೀವ ತುದಿಗೆ ಬಂದಾಗ ಮಾಡತೈತಿ. ಎಂದು ಬಿಟ್ಟಿದ್ದಿ ನೀನು, ಅಲ್ಲೀತನಕ ಹೋಗಾಕ?"

ಮಾತು ಮುಗಿಯುವುದರೊಳಗೆ ಅಕ್ಕನ ಗುಳ್ಳಿ ಎದ್ದು ನಿಂತು ಒಂದು ಪುಟ್ಟ ಗುಳ್ಳೆ ಊದಿತು. ಸಾಸಿವೆಯಷ್ಟು. ಅಷ್ಟೇ ಸಾಕಾಯಿತು.

ಫಕೀರೇಶನ ಗುಳ್ಳಿ ಬಿತ್ತು. ಕಣ್ಣು ಮುಚ್ಚಿತು. ಸಣ್ಣ ದನಿ ತೆಗೆಯಿತು.

ಅವನು ಪೂರಾ ನೋಡಿದ. ಕಣ್ಣೀರು ಬಂತು, ಬಂದದ್ದನ್ನು ಮುಚ್ಚಿಕೊಳ್ಳಲಿಲ್ಲ.

ಗೆಲುವು 412, ಸೋಲು 1. ಗುಳ್ಳಿಯ ಬೆನ್ನ ಮೇಲೆ ಒಂದು ಗೆರೆ ಮೂಡಿತು.

ಪರದೆಯ ಮೇಲೆ ಅಕ್ಷರ ಬಂದವು: ನಿಮ್ಮ ಮರಿಗೆ ನೋವಾಗಿದೆ. ಆರೈಕೆ ಮನೆಗೆ ಕರೆದುಕೊಂಡು ಹೋಗಿರಿ.

ಫಕೀರೇಶನ ಗೊಂಬೆ ಗುಳ್ಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟಿತು. ಗೇಮಿನ ಊರ ಬಾವಿಯ ತನಕ ಹೋಗಿ ನಿಂತಿತು. ಎಡಗಡೆ ಓಣಿ ಹೊಕ್ಕು ಗೋಡೆ ಮುಟ್ಟಿ ತಿರುಗಿತು. ಮತ್ತೆ ಅದೇ ಬಾವಿಗೆ ಬಂತು.

ಮರಿಲೋಕ ಆಡುವ ಎಂಥ ಹೊಸಬನಿಗೂ ಮೊದಲ ದಿನವೇ ಆ ಮನೆಯ ದಾರಿ ಗೊತ್ತಾಗುತ್ತದೆ. ಫಕೀರೇಶ ಮಾತ್ರ ಗುಳ್ಳಿಯ ಜೊತೆ ಆ ಊರಲ್ಲಿ ವರ್ಷವಿದ್ದೂ ಅತ್ತ ಕಾಲಿಟ್ಟಿರಲಿಲ್ಲ. ದೈತ್ಯರಿದ್ದ ಕಾಲದಲ್ಲಿಯೂ ಅಷ್ಟೇ. ಹೋಗುವ ಪ್ರಸಂಗ ಬಂದಾಗಲೆಲ್ಲ ಸ್ವಿಚ್ ಒತ್ತಿದ್ದ; ಅಕ್ಕನ ಎದುರು ಮಾತ್ರ ನಾಚಿ ಒತ್ತದೆ, ಬಿದ್ದ ಆರನ್ನೂ ಹಾಗೆಯೇ ಕಾಡಿಗೆ ಬಿಟ್ಟಿದ್ದ.

ನಾಲ್ಕುನೂರಾ ಹನ್ನೆರಡು ಗೆದ್ದ ಮನುಷ್ಯ ಕೇಳಲು ನಾಚಿದ. ಹೆಗಲ ಮೇಲಿನ ಗುಳ್ಳಿಯನ್ನು ನೋಡಿದ. ಕೇಳಿದ.

"ಅಕ್ಕಾರ, ಆರೈಕೆ ಮನಿ ಎಲ್ಲಿ ಬರತೈತ್ರಿ?"

ಅಕ್ಕ ನಗಲಿಲ್ಲ. ತಮ್ಮ ಗುಳ್ಳಿಯನ್ನು ತಮ್ಮ ಗೊಂಬೆಯ ಹೆಗಲ ಮೇಲೆ ಹಾಕಿಕೊಂಡು, ಬಾವಿಯ ಹತ್ತಿರ ಅವನ ಪಕ್ಕಕ್ಕೆ ಬಂದು ನಿಂತರು.

"ನಡಿ ತಮ್ಮಾ. ನಾನೂ ಅಲ್ಲಿಗೇ ಹೊಂಟೀನಿ."