ಸಭೆಯಲ್ಲಿ ಎದ್ದು ನಿಂತವನು

"ಗುರುಗಳೇ, ಆಸ್ಪತ್ರೆಯಿಂದ ಬಂದವನನ್ನು ನನ್ನ ಕೋಣೆಗೇ ಏಕೆ ಹಾಕಿದಿರಿ? ಅವನಿಗೆ ಮನಸ್ಸಿನ ಕಾಯಿಲೆ. ಅಂಥವನಿಂದ ಯಾರಿಗೆ ಏನು ಉಪಯೋಗ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ವಿದ್ಯಾಪೀಠದಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ಆಗಾಗ ಅವನ ಮನಸ್ಸು ಕುಸಿಯುತ್ತಿತ್ತು. ಆಗ ಏಳಲೂ ಆಗುತ್ತಿರಲಿಲ್ಲ, ಉಣ್ಣಲೂ ಆಗುತ್ತಿರಲಿಲ್ಲ. ವೈದ್ಯರು ಕೊಟ್ಟ ಔಷಧ ತೆಗೆದುಕೊಂಡು, ಚೇತರಿಸಿಕೊಂಡು, ಮತ್ತೆ ಪಾಠಕ್ಕೆ ಬಂದು ಕೂರುತ್ತಿದ್ದ. ಎಲ್ಲರೂ ಅವನನ್ನು ಕಂಡು ಮರುಗುತ್ತಿದ್ದರು. ಯಾರೂ ಅವನಿಂದ ಏನನ್ನೂ ನಿರೀಕ್ಷಿಸುತ್ತಿರಲಿಲ್ಲ.

ಅಲ್ಲೇ ಇನ್ನೊಬ್ಬನಿದ್ದ. ಯಾವ ವಾದದಲ್ಲೂ ಸೋತವನಲ್ಲ. ಒಂದು ದಿನ ಅವನು ತನ್ನ ಪುಸ್ತಕ, ಶಾಲು, ತಂಬೂರಿ ಎಲ್ಲವನ್ನೂ ಗೆಳೆಯರಿಗೆ ಹಂಚಿಬಿಟ್ಟ. ಮುಖದಲ್ಲಿ ನಗುವಿತ್ತು. ಕುಲಪತಿಗಳಿಗೆ ಹಿಡಿಸಲಾರದಷ್ಟು ಸಂತೋಷ. ಅವನನ್ನು ಸಭೆಗೆ ಕರೆಸಿ, "ವೈರಾಗ್ಯವೆಂದರೆ ಇದು, ನೋಡಿ ಕಲಿಯಿರಿ" ಎಂದರು.

ಕಾಯಿಲೆಯ ವಿದ್ಯಾರ್ಥಿ ಎದ್ದು ನಿಂತ. "ಕೂತುಕೊಳ್ಳೋ, ಹುಚ್ಚಪ್ಪ" ಎಂದು ಯಾರೋ ಕೂಗಿದರು. ಸಭೆ ನಕ್ಕಿತು. ಅವನು ನೇರವಾಗಿ ಎಲ್ಲವನ್ನೂ ಹಂಚಿದ್ದ ಆ ಗೆಳೆಯನ ಬಳಿ ಹೋಗಿ, ಪಕ್ಕದಲ್ಲಿ ಕುಳಿತು, ಮೆಲ್ಲಗೆ ಕೇಳಿದ: "ಸಾಯಬೇಕು ಅಂತ ನಿಶ್ಚಯ ಮಾಡಿದ್ದೀಯಾ?"

ನಗು ನಿಂತಿತು. ಕುಲಪತಿಗಳು ಗದರಲು ಬಾಯಿ ತೆರೆದರು. ಅಷ್ಟರಲ್ಲಿ ಆ ಜಾಣ ವಿದ್ಯಾರ್ಥಿ, "ಹೌದು. ಇವತ್ತು ಸಂಜೆ" ಎಂದ.

ಸಭೆಗೆ ಸಿಡಿಲು ಬಡಿದಂತಾಯಿತು. ಅವನ ಶಾಲು ಹೊದ್ದು ಕುಳಿತಿದ್ದವನು ಅದನ್ನು ಕಿತ್ತು ಕೆಳಗೆ ಹಾಕಿದ. ಕುಲಪತಿಗಳು ಕಾಯಿಲೆಯ ವಿದ್ಯಾರ್ಥಿಯ ಕಡೆ ತಿರುಗಿ, "ನಿನಗೆ ಹೇಗೆ ಗೊತ್ತಾಯಿತು?" ಎಂದರು.

"ನಾನೂ ಒಮ್ಮೆ ಹೀಗೇ ಎಲ್ಲವನ್ನೂ ಕೊಟ್ಟುಬಿಟ್ಟಿದ್ದೆ, ಸ್ವಾಮಿ. ಆಗಲೂ ಎಲ್ಲರೂ ಹೊಗಳಿದ್ದರು."

ಅವನು ಗೆಳೆಯನ ಕೈ ಬಿಡದೆ ತನ್ನ ವೈದ್ಯರ ಬಳಿಗೆ ಕರೆದೊಯ್ದ. ಗೆಳೆಯ ಬದುಕಿದ. ಕಾಯಿಲೆಯ ವಿದ್ಯಾರ್ಥಿಗೆ ಮುಂದೆಯೂ ಮನಸ್ಸು ಕುಸಿಯುವ ದಿನಗಳು ಬಂದವು. ಆಗ ಗೆಳೆಯ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಇಬ್ಬರೂ ವಿದ್ಯೆ ಮುಗಿಸಿದರು.

ಕತೆ ಕೇಳಿದ ಅಡಿವೆಪ್ಪ, "ತಿಳಿಯಿತು, ಗುರುಗಳೇ. ಅವನಿಗೆ ಒಬ್ಬ ಜೊತೆಗಾರ ಬೇಕೆಂದು ನನ್ನ ಕೋಣೆಗೆ ಹಾಕಿದ್ದೀರಿ" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ಜೊತೆ ಬೇಕಾಗಿರುವುದು ಅವನಿಗೆ ಅಂದುಕೊಂಡೆಯಾ?"