ಕರಿಗಡ್ಡಿಗೆ ದಾಟಿಸಿದ ಮಾತು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಅಡವಯ್ಯ ಅಜ್ಜಾರು ಎಂಬ ಗುರು. ಕಾವಿ ಉಡುವ ಮೊದಲು ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು. ಸಂಸಾರ ಬಿಟ್ಟರು, ಹಡಗು ಬಿಟ್ಟರು, ರೇಡಿಯೊ ಮಾತ್ರ ಬಿಡಲಿಲ್ಲ.

ಹವ್ಯಾಸಿಗಳ ಹ್ಯಾಮ್ ರೇಡಿಯೊ ಹುಚ್ಚಿನ ನಾಲ್ಕಾರು ಮಂದಿಯನ್ನು ಸೇರಿಸಿಕೊಂಡು ಅವರು ಹೊಳೆಸಾಲಿನ ಊರುಗಳಿಗೆ ಒಂದು ಜಾಲ ಕಟ್ಟಿದ್ದರು. ಮಠದಲ್ಲೊಂದು ಸೆಟ್ಟು, ಗುಡ್ಡದ ದರ್ಗಾದಲ್ಲೊಂದು, ಹೊಳೆ ನಡುವಿನ ನಡುಗಡ್ಡೆ ಕರಿಗಡ್ಡಿಯಲ್ಲೊಂದು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಮುಂದಿನವರಿಗೆ ದಾಟಿಸಬೇಕು. ಕೆಲಸ ಅಷ್ಟೇ. ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಹೂಡಿದ ಪ್ರಯೋಗ.

ಮಠದ ಸೆಟ್ಟಿಗೆ ಕೂರುತ್ತಿದ್ದವನು ಶಿಷ್ಯ ಅಮರೇಶ. ಲೈಸೆನ್ಸ್ ಸಿಕ್ಕ ಹೊಸತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಇವನು ಊಟಕ್ಕೆ ಕರೆದರೂ ಮೈಕು ಬಿಟ್ಟು ಏಳುತ್ತಿರಲಿಲ್ಲ.

ಆ ವರ್ಷ ಹೊಳೆ ಉಕ್ಕಿತು. ಕರೆಂಟು ಹೋಯಿತು, ಅದರ ಹಿಂದೆಯೇ ಮೊಬೈಲೂ ಹೋಯಿತು. ಕರಿಗಡ್ಡಿಯ ಜನ ಮಕ್ಕಳುಮರಿ ಕಟ್ಟಿಕೊಂಡು ದಿಬ್ಬದ ಮೇಲಿನ ಗುಡಿ ಸೇರಿದರು. ಹೊರಗಿನ ಸುದ್ದಿ ಅವರಿಗೆ ಮುಟ್ಟಲು ಈ ಜಾಲ ಬಿಟ್ಟರೆ ಬೇರೆ ದಾರಿ ಉಳಿಯಲಿಲ್ಲ.

ಮಧ್ಯಾಹ್ನ ದೋಣಿಯವರಿಂದ ಮಠಕ್ಕೆ ಸುದ್ದಿ ಬಂತು.

"ಇವತ್ತು ದೋಣಿ ಬಿಡೂದಿಲ್ಲ. ಸೆಳವು ಭಾಳ ಐತಿ, ನೀರು ಇನ್ನೂ ಏರತೈತಿ. ಗುಡಿ ಬಿಟ್ಟು ಯಾರೂ ಇಳೀಬ್ಯಾಡ್ರಿ ಅನ್ರಿ. ನಾಳೆ ಮುಂಜಾನೆ ಬರ್ತೀವಿ."

ಅಮರೇಶ ಕರಿಗಡ್ಡಿಯನ್ನು ಕರೆದ. ಅಲ್ಲಿ ಸೆಟ್ಟು ಹಿಡಿದಿದ್ದವಳು ಅಂಗನವಾಡಿಯ ಹುಲಿಗೆಮ್ಮ. ಅವಳ ಬೆನ್ನ ಹಿಂದೆ ಮಕ್ಕಳು ಅಳುವುದು ಕೇಳುತ್ತಿತ್ತು.

"ದೋಣಿ ಬರತೈತೇನ್ರಿ? ಅಷ್ಟು ಹೇಳ್ರಿ ಸಾಕು. ಕೂಸುಗೋಳು ಹಸದಾವ್ರಿ."

ಅಮರೇಶನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಾಳೆಗಾದರೂ ಬರುವುದು ಬಂದೇ ಬರುತ್ತದಲ್ಲ ಎಂದುಕೊಂಡ.

"ಬರತೈತ್ರಿ ಅಕ್ಕಾರ. ಗಾಬರಿ ಆಗಬ್ಯಾಡ್ರಿ."

ಆ ಕಡೆ ಜನ ಹೋ ಎಂದು ಕೂಗಿದರು. ಅಮರೇಶನಿಗೆ ಹೊಟ್ಟೆ ತಣ್ಣಗಾಯಿತು.

ಮಾಳಿಗೆಯ ಮೇಲೆ ಏರಿಯಲ್ ತಂತಿ ಬಿಗಿಯುತ್ತಿದ್ದ ಅಜ್ಜಾರು ಇಳಿದು ಬಂದರು.

"ಏನು ಸುದ್ದಿ ಬಂತು, ತಮ್ಮಾ?"

ಅಮರೇಶ ಬಂದದ್ದನ್ನು ಬಂದಂತೆ ಒಪ್ಪಿಸಿದ.

"ನೀ ಏನು ದಾಟಿಸಿದಿ?"

"ದೋಣಿ ಬರತೈತಿ ಅಂದೆರಿ."

"ಯಾವಾಗ ಅಂದಿ?"

ಅಮರೇಶ ತಲೆ ತಗ್ಗಿಸಿದ. "ಒಂದೀಟು ಧೈರ್ಯ ಬರ್ಲಿ ಅಂತ ಹಂಗ ಅಂದೆರಿ ಅಜ್ಜಾರ. ಭಾಳ ಅಳಾಕತ್ತಿದ್ರು."

"ಧೈರ್ಯ ಬಂದ ಮಂದಿ ಈಗ ಎಲ್ಲಿ ಅದಾರ, ಕೇಳು."

ಅಮರೇಶ ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಸೆಟ್ಟಿನಲ್ಲಿ ಬರೀ ಸೊಂಯ್ ಎನ್ನುವ ಸದ್ದು.

ಗುಡಿಯ ದಿಬ್ಬದಿಂದ ಮಠಕ್ಕೆ ಮಾತು ನೇರ ಮುಟ್ಟುತ್ತಿತ್ತು. ಸೆಟ್ಟು ಹಿಡಿದುಕೊಂಡು ದಂಡೆಗಿಳಿದರೆ ಮುಟ್ಟುತ್ತಿರಲಿಲ್ಲ. ಆ ತಗ್ಗಿಗೆ ಮಾತು ಮುಟ್ಟಿಸಲು ಗುಡ್ಡದ ದರ್ಗಾದ ಸೆಟ್ಟು ಒಂದೇ ದಾರಿ. ಅಮರೇಶ ದರ್ಗಾ ನೋಡಿಕೊಳ್ಳುವ ಕಾಸಿಮ್‌ಸಾಬನನ್ನು ಕರೆದ.

"ಇಳದಾರ ಬೇಟಾ," ಎಂದ ಕಾಸಿಮ್‌ಸಾಬ. "ನನಗ ಇಲ್ಲಿಂದ ಕಾಣತೈತಿ. ಗಂಟುಮೂಟಿ, ಸೆಟ್ಟು ಹೊತ್ತು ದೋಣಿ ಹತ್ತೂ ಕಟ್ಟಿ ಮ್ಯಾಲ ಕುಂತಾರ. ನೀರು ಕಟ್ಟಿ ಬುಡಕ್ಕ ಬಂದೈತಿ."

ಅಮರೇಶ ಮೈಕು ಬಾಯಿಗೆ ಒತ್ತಿಕೊಂಡ.

"ಕಾಕಾ, ಇವತ್ತು ದೋಣಿ ಇಲ್ಲ ಅಂತ ಹೇಳ್ರಿ! ಗುಡಿಗೆ ಹೊಳ್ಳಿ ಹೋಗ್ರಿ ಅಂತ ಹೇಳ್ರಿ!"

ಸ್ವಲ್ಪ ಹೊತ್ತಿಗೆ ಕಾಸಿಮ್‌ಸಾಬನ ದನಿ ತಿರುಗಿ ಬಂತು. "ನಂಬವಲ್ರು. ಮಠದವರೇ ಬರತೈತಿ ಅಂದಾರ, ನೀ ಯಾಂವ ಇಲ್ಲ ಅನ್ನಾಂವ ಅಂತಾರ. ಜಾಗಾ ಬಿಟ್ರ ದೋಣಿ ತಪ್ಪತೈತಿ ಅಂತ ಕುಂತಬಿಟ್ಟಾರ."

ಅಮರೇಶ ಗುರುವಿನ ಕಡೆ ತಿರುಗಿದ. "ದೋಣಿ ಹೊಂಟಿತ್ತು, ನಡುವ ಕೆಟ್ಟು ನಿಂತೈತಿ ಅಂತ ಹೇಳಿಬಿಡಲೇನ್ರಿ? ಆಗಾದ್ರ ನಂಬ್ತಾರ."

"ನಂಬ್ತಾರ. ರಿಪೇರಿ ಆಗೂತನಕ ಅಲ್ಲೇ ಕುಂತು ಕಾಯ್ತಾರ."

"ಹಂಗಾದ್ರ ನೀವ ಮಾತಾಡ್ರಿ ಅಜ್ಜಾರ. ನಿಮ್ಮ ಮಾತು ಯಾರೂ ತಗದು ಹಾಕೂದಿಲ್ಲ."

"ಅವರು ನಂಬಿ ಇಳದದ್ದು ನನ್ನ ಮಾತಿಗಲ್ಲ."

ಅಜ್ಜಾರು ಮೈಕನ್ನು ಅವನತ್ತ ಸರಿಸಿ, ಗೋಡೆಗೆ ಒರಗಿ ಕುಳಿತರು.

ಅಮರೇಶ ಮೈಕು ಎತ್ತಿಕೊಂಡ. ಈ ಮಾತು ಹೊಳೆಸಾಲಿನ ಎಲ್ಲ ಸೆಟ್ಟುಗಳಿಗೂ ಕೇಳುತ್ತದೆ. ಇಷ್ಟು ದಿನ ಇದ್ದ ಮಾನ ಇವತ್ತಿಗೆ ಮುಗಿಯಿತು. ಆದರೆ ಕಟ್ಟೆಯ ಮೇಲೆ ಕೂತ ಮಕ್ಕಳು ಕಣ್ಣ ಮುಂದೆ ಬಂದರು. ಗುಂಡಿ ಒತ್ತಿದ.

"ಕಾಕಾ, ಹಿಂಗ ಹೇಳ್ರಿ. ‘ಇವತ್ತು ದೋಣಿ ಇಲ್ಲ. ನಾಳೆ ಮುಂಜಾನೆ ಬರ್ತೀವಿ ಅಂತ ದೋಣಿಯವರು ಅಂದಿದ್ರು, ನೀರು ಏರತೈತಿ ಅಂತನೂ ಅಂದಿದ್ರು. ಮಠದ ಅಮರೇಶ ಅದನ್ನ ಮುಚ್ಚಿಟ್ಟು ಬರೇ ಬರತೈತಿ ಅಂದ. ಅದು ಅವನ ತಪ್ಪು. ಗುಡಿಗೆ ಏರ್ರಿ.’"



"ನಿನ್ನ ಹೆಸರು ಬಿಟ್ಟು ಹೇಳ್ತೀನಿ ಬಿಡು, ಬೇಟಾ," ಎಂದ ಕಾಸಿಮ್‌ಸಾಬ. "ಏನೋ ಹೊಂದಿಸಿ ಹೇಳ್ತೀನಿ. ಬೆಳೆಯೋ ಹುಡುಗ ಅದಿ, ಊರ ಮುಂದ ಯಾಕ ಸಣ್ಣಾಂವ ಆಗ್ತಿ?"

ಆ ಪ್ರೀತಿಗೆ ಅಮರೇಶನ ಕಣ್ಣು ತುಂಬಿ ಬಂತು. ಹೂಂ ಎನ್ನಲು ಮನಸ್ಸು ಎಷ್ಟು ಹಾತೊರೆಯಿತೆಂದು ಅವನಿಗೇ ಗೊತ್ತು.

"ಬ್ಯಾಡ್ರಿ ಕಾಕಾ. ಏನೂ ಬಿಡಬ್ಯಾಡ್ರಿ, ಏನೂ ಕೂಡಸಬ್ಯಾಡ್ರಿ. ನಾ ಅಂದಂಗ ಅನ್ರಿ."

ಕಾದರು. ಹೊತ್ತು ಇಳಿಯತೊಡಗಿತ್ತು.

"ಹೇಳೀನಿ. ನಿನಗ ಬಾಯಿಗೆ ಬಂದಂಗ ಬೈಯಾಕತ್ತಾರ," ಎಂದ ಕಾಸಿಮ್‌ಸಾಬ. ಆಮೇಲೆ, "ಎದ್ರು. ಗಂಟು ಎತ್ತಾಕತ್ತಾರ." ಆಮೇಲೆ, "ಮಳಿ ಹೊಡ್ಯಾಕತ್ತು ಬೇಟಾ, ಇನ್ನ ಏನೂ ಕಾಣವಲ್ದು."

ಅಮರೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಓಡಿದ. ಮಠದ ಮೆಟ್ಟಿಲುಗಳು ಒಂದೂ ಕಾಣದಂತೆ ಹೊಳೆ ಮೇಲೆ ಬಂದಿತ್ತು. ಮಳೆಯಲ್ಲಿ ನಿಂತು ಕರಿಗಡ್ಡಿಯ ದಿಕ್ಕಿಗೆ ನೋಡಿದ. ಕೆಂಪು ನೀರು ಬಿಟ್ಟರೆ ಏನೂ ಇಲ್ಲ. ಯಾರಾದರೂ ಕೊಚ್ಚಿ ಹೋದರೆ ನಾನೂ ಉಳಿಯಬಾರದು ಎಂದುಕೊಂಡ. ಹಾಗೆಂದುಕೊಂಡಿದ್ದಕ್ಕೆ ಇನ್ನಷ್ಟು ಹೆದರಿದ.

ಒಳಗೆ ಸೆಟ್ಟು ಮಾತಾಡಿತು. ಹೆಣ್ಣು ದನಿ. ಹೊಳೆಯ ಅಬ್ಬರದಲ್ಲಿ ಮಾತು ತಿಳಿಯಲಿಲ್ಲ. ಅವನು ಒದ್ದೆ ಕಾಲಲ್ಲಿ ಜಾರುತ್ತ ಒಳಗೆ ಬರುವಷ್ಟರಲ್ಲಿ ಅಜ್ಜಾರು ಮೈಕು ಕೆಳಗಿಟ್ಟಿದ್ದರು.

"ಹುಲಿಗೆಮ್ಮಕ್ಕಾರ ಏನ್ರಿ? ಏನಂದ್ರು ಅಜ್ಜಾರ?"

"‘ಎಲ್ಲಾರೂ ಗುಡಿ ಸೇರೀವಿ. ಏರಿ ಬರೂದ್ರಾಗ ನೀರು ಎದಿಮಟ ಇತ್ತು. ನನ್ನ ಕೂಸಿನ್ನ ತಲಿ ಮ್ಯಾಲ ಹೊತ್ತು ತಂದೀನಿ. ಆ ಹುಡುಗ ಕೈಗೆ ಸಿಕ್ರ ಕಪಾಳಕ್ಕ ಹೊಡೀತೀನಿ.’"

ಅಮರೇಶ ಕುಸಿದು ಕುಳಿತ. ಬದುಕಿದರಲ್ಲ ಎಂದು ಅಳು ಬಂತು, ಆ ಕೊನೆಯ ಮಾತಿಗೂ ಅಳು ಬಂತು.

"ಕಡೀ ಮಾತು ಒಂದೀಟು ಮೆತ್ತಗ ಮಾಡಿ ಹೇಳಬಹುದಿತ್ತಲ್ರಿ ಅಜ್ಜಾರ."

ಗುರು ಹೇಳಿದರು: "ಆಕಿ ಮಾತು ಹೇಳೂದು ನಾ ಇನ್ನೂ ಮುಗಿಸಿರಲಿಲ್ಲ, ನೀ ಕುಂತಬಿಟ್ಟಿ. ‘ನಾಳೆ ದೋಣಿ ಸುದ್ದಿ ಆ ಹುಡುಗನ ಬಾಯಿಂದನ ಬರ್ಲಿ’ ಅಂದಾಳ. ಮೊದಲಿಂದು ಮೆತ್ತಗ ಮಾಡಿದ್ರ, ಇದನ್ನ ನೀ ನಂಬ್ತಿದ್ದೇನು?"