ಬಂಡೆಯೊಳಗಿನ ಮೂವರು

ಭೂಮಿಯ ಹೊಟ್ಟೆಯಲ್ಲಿ ಒಂದೇ ಬೆಂಕಿಗೆ ಕರಗಿ, ನಿಧಾನವಾಗಿ ತಣಿದು, ಒಂದೇ ಗ್ರಾನೈಟ್ ಬಂಡೆಯಾಗಿದ್ದರೂ ಆ ಮೂವರು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ: ಗಟ್ಟಿ ಬೆಣಚು, ಕೆಂಪು ಖನಿಜ ಫೆಲ್ಡ್‌ಸ್ಪಾರ್, ಮಿನುಗುವ ಅಭ್ರಕ. ಬಂಡೆಗೆ ಕಿವಿಯಿಟ್ಟು ನಾನೇ ಕೇಳಿದ್ದು. ನಂಬದವರು ಹೋಗಿ ಬಂಡೆಯನ್ನೇ ವಿಚಾರಿಸಲಿ.

ಒಮ್ಮೆ ಕಲ್ಲುಕುಟಿಗ ಮಾರೆಪ್ಪ ರುಬ್ಬುವ ಕಲ್ಲು ಮಾಡಲು ಬಂಡೆ ಹುಡುಕುತ್ತ ಬಂದ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯ ನಾದ ಬಂದರೆ ಸೀಳುವುದು, ಒಡಕು ಮಡಕೆಯ ಸದ್ದು ಬಂದರೆ ಬಿಡುವುದು ಅವನ ಪದ್ಧತಿ.

"ಅಭ್ರಕವೇ, ಮಿನುಗಿ ಮಿನುಗಿ ಅವನನ್ನು ಕರೆದದ್ದು ನೀನೇ ತಾನೆ?" ಎಂದಿತು ಬೆಣಚು.

"ನನ್ನನ್ನೇನು ಕೇಳುತ್ತೀಯೆ? ಮಳೆಗೆ ಮೆತ್ತಗಾಗುವುದು ಈ ಫೆಲ್ಡ್‌ಸ್ಪಾರ್. ಒಳಗುಟ್ಟು ಸೋರಿದ್ದು ಅಲ್ಲಿಂದಲೇ!"

"ಹಾಗಾದರೆ ನನ್ನನ್ನು ಮುಟ್ಟಬೇಡಿ, ಅತ್ತ ಸರಿಯಿರಿ!" ಎಂದಿತು ಫೆಲ್ಡ್‌ಸ್ಪಾರ್.

ಮೂವರೂ ಕೂದಲೆಳೆಯಷ್ಟು ಸರಿದರು. ಮಾರೆಪ್ಪ ತಟ್ಟಿದ. "ಥೂ, ಒಳಗೆಲ್ಲ ಬಿರುಕು," ಎಂದು ಹೊರಟುಹೋದ.

"ಬದುಕಿದೆವು!" ಎಂದಿತು ಅಭ್ರಕ.

"ಅವನು ಸುಮ್ಮನೆ ಬಿಟ್ಟುಹೋಗುವನೇ? ನಿಮ್ಮಲ್ಲೇ ಯಾರೋ ಅವನ ಜೊತೆ ಒಳಒಪ್ಪಂದ ಮಾಡಿಕೊಂಡಿದ್ದೀರಿ," ಎಂದು ಬೆಣಚು ಇನ್ನಷ್ಟು ಸರಿಯಿತು.

ಆ ಸಂದಿಗೆ ವರ್ಷ ವರ್ಷವೂ ಮಳೆನೀರು ಇಳಿಯಿತು. ಫೆಲ್ಡ್‌ಸ್ಪಾರ್ ಜೇಡಿಮಣ್ಣಾಗಿ ಹೊಳೆಯ ಪಾಲಾಯಿತು. ಅಭ್ರಕ ಪದರ ಪದರವಾಗಿ ಗಾಳಿಗೆ ಹಾರಿತು. ಬೆಣಚು ಮಾತ್ರ ಮರಳಾಗಿ ಉಳಿದು, ಮಾರೆಪ್ಪನ ಮರಿಮಗನ ಬುಟ್ಟಿಯಲ್ಲಿ ಕೂತು ಹೇಳಿತು:

"ನೋಡಿದಿರಾ, ಇಬ್ಬರೂ ಓಡಿಹೋದರು. ನನಗೆ ಆಗಲೇ ಅನುಮಾನವಿತ್ತು."